ಅರವತ್ತು ಅಂಕಗಳ ಸೋಲು: 2024ರ ಗ್ರ್ಯಾಂಡ್ ಫೈನಲ್‌ನಲ್ಲಿ ನಮ್ಮ ಸಿಡ್ನಿ ಸ್ವಾನ್ಸ್ ಎಡವಿದ್ದು ಎಲ್ಲಿ?

ಕೆಂಪುಬಿಳಿ, 30 ಸೆಪ್ಟೆಂಬರ್ 2024

ಆಸ್ಟ್ರೇಲಿಯನ್ ಫುಟ್ಬಾಲ್ ಲೀಗ್‌ನ ಪ್ರಶಸ್ತಿ ನಿರ್ಧರಿಸುವ ಕೊನೆಯ ಪಂದ್ಯವಾದ ಗ್ರ್ಯಾಂಡ್ ಫೈನಲ್ ನೋಡಿಕೊಂಡು ನಿನ್ನೆ ರಾತ್ರಿ ಹನ್ನೊಂದರ ಹೊತ್ತಿಗೆ ಮೆಲ್ಬರ್ನ್‌ನಿಂದ ಸಿಡ್ನಿಯ ಮನೆಗೆ ಬಂದು ತಲುಪಿದೆವು. ಹ್ಯೂಮ್ ಹೆದ್ದಾರಿಯಲ್ಲಿ ಸುಮಾರು ಒಂಬೈನೂರು ಕಿಲೋಮೀಟರಿನ ದಾರಿ. ಕಾರಿನಲ್ಲಿದ್ದ ನಾಲ್ವರೂ ಹೋಲ್‌ಬ್ರೂಕ್ ಊರು ಬರುವವರೆಗೆ ಪಂದ್ಯದ ಮಾತನ್ನೇ ಎತ್ತಲಿಲ್ಲ. ಅಲ್ಲಿ ಉದ್ಯಾನದಲ್ಲಿ ಇಟ್ಟಿರುವ ಜಲಾಂತರ್ಗಾಮಿಯ ಎದುರು ಕುಳಿತು ಪುಳಿಯೋಗರೆಯ ಡಬ್ಬಿ ಬಿಚ್ಚಿದಾಗ ಒಬ್ಬರು, "ಎರಡು ವರ್ಷದ ಹಿಂದೆಯೂ ಇಲ್ಲೇ, ಹೀಗೆಯೇ ಕುಳಿತಿದ್ದೆವಲ್ಲ" ಎಂದರು. ಆಮೇಲೆ ಸಿಡ್ನಿಯವರೆಗೂ ನಮ್ಮ ಮಾತು ನಿಲ್ಲಲಿಲ್ಲ. ಆ ಮಾತುಗಳನ್ನು ಕ್ರಮವಾಗಿ ಇಲ್ಲಿ ಬರೆಯುತ್ತಿದ್ದೇನೆ. ತಾವೂ ತಮ್ಮ ಅಭಿಪ್ರಾಯಗಳನ್ನು ತಿಳಿಸಬೇಕೆಂದು ಕೋರುತ್ತೇನೆ.

ಶನಿವಾರ ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ 1,00,013 ಜನರ ಎದುರು ಬ್ರಿಸ್ಬೇನ್ ಲಯನ್ಸ್ 18.12, ಅಂದರೆ 120 ಅಂಕ ಗಳಿಸಿತು. ನಮ್ಮದು 9.6, ಅಂದರೆ 60. ಈ ಆಟಕ್ಕೆ ಹೊಸಬರಾದವರಿಗಾಗಿ ಹೇಳುವುದಾದರೆ, ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಚೆಂಡನ್ನು ಒದ್ದರೆ ಗೋಲ್, ಆರು ಅಂಕ. ಅವುಗಳ ಅಕ್ಕಪಕ್ಕದ ಕುಳ್ಳು ಕಂಬಗಳ ಕಡೆಗೆ ಹೋದರೆ ಬಿಹೈಂಡ್, ಒಂದೇ ಅಂಕ. ಚುಕ್ಕಿಯ ಮೊದಲಿನ ಸಂಖ್ಯೆ ಗೋಲುಗಳದ್ದು, ನಂತರದ್ದು ಬಿಹೈಂಡ್‌ಗಳದ್ದು.

ಮೊದಲ ಕ್ವಾರ್ಟರ್‌ನಲ್ಲಿ ನಾವೂ ಸಮಸಮನಾಗಿ ಆಡುತ್ತಿದ್ದೆವು. ಎರಡನೆಯದರಲ್ಲಿ ಪಂದ್ಯ ಕೈಜಾರಿ ಹೋಯಿತು. ನನ್ನ ಮುಂದಿನ ಸಾಲಿನಲ್ಲಿ ಕೆಂಪು ಬಿಳಿ ಉಣ್ಣೆಯ ಶಾಲು ಹೊದ್ದ ವಯಸ್ಸಾದ ಹೆಂಗಸೊಬ್ಬರು ಕುಳಿತಿದ್ದರು. ಪಂದ್ಯದ ದಿನ ಮಾರುವ ರೆಕಾರ್ಡ್ ಪುಸ್ತಿಕೆಯಲ್ಲಿ ಆಟಗಾರರ ಹೆಸರಿನ ಮುಂದೆ ಗೋಲ್ ಮತ್ತು ಬಿಹೈಂಡ್‌ಗಳನ್ನು ಗುರುತು ಮಾಡಿಕೊಳ್ಳಲು ಖಾಲಿ ಜಾಗವಿರುತ್ತದೆ. ಅವರು ಪ್ರತಿ ಗೋಲಿಗೂ ಪೆನ್ಸಿಲಿನಿಂದ ಒಂದು ಗೀಟು ಎಳೆಯುತ್ತಿದ್ದರು. ಬ್ರಿಸ್ಬೇನ್ ಗೋಲಿನ ಮೇಲೆ ಗೋಲ್ ಹೊಡೆಯುತ್ತ ಹೋದಾಗಲೂ ಅವರು ಗೀಟು ಎಳೆಯುವುದನ್ನು ಬಿಡಲಿಲ್ಲ. ಎದುರಾಳಿಯ ಪುಟದಲ್ಲೂ ಅಷ್ಟೇ ನೇರವಾದ, ಅಷ್ಟೇ ಸ್ಪಷ್ಟವಾದ ಗೀಟುಗಳು. ಅವರ ಹೆಗಲ ಮೇಲಿನಿಂದ ಆ ಎರಡು ಪುಟಗಳನ್ನು ನೋಡುತ್ತಿದ್ದಾಗ ನನ್ನ ತಲೆಗೆ ಒಂದು ಲೆಕ್ಕ ಹೊಳೆಯಿತು. ಮನೆಗೆ ಬಂದು ಅದನ್ನು ಹಳೆಯ ಫೈನಲ್‌ಗಳಿಗೂ ಮಾಡಿ ನೋಡಿದೆ.

ನಾವು ಹದಿನೈದು ಸಲ ಅಂಕ ಗಳಿಸಿದೆವು, ಅವರು ಮೂವತ್ತು ಸಲ. ನಮ್ಮ ಹದಿನೈದರಲ್ಲಿ ಒಂಬತ್ತು ಗೋಲು, ಅವರ ಮೂವತ್ತರಲ್ಲಿ ಹದಿನೆಂಟು. ಇಬ್ಬರದ್ದೂ ನೂರಕ್ಕೆ ಅರವತ್ತು. ಎಂದರೆ ಗುರಿ ಹಿಡಿಯುವುದರಲ್ಲಿ ನಾವು ಕೂದಲೆಳೆಯಷ್ಟೂ ಹಿಂದೆ ಬೀಳಲಿಲ್ಲ. ನಮ್ಮ ಹುಡುಗರ ಕಾಲು ನಡುಗಿತು, ಅವರು ಒತ್ತಡಕ್ಕೆ ಕುಸಿದರು ಎಂದು ಎರಡು ದಿನಗಳಿಂದ ಎಲ್ಲೆಡೆ ಕೇಳುತ್ತಿರುವ ಮಾತಿಗೆ ಈ ಅಂಕಿಗಳಲ್ಲಿ ಆಧಾರವಿಲ್ಲ. ನಾವು ಗೋಲ್ ಹೊಡೆಯಬೇಕಾದ ಕಂಬಗಳ ಬಳಿಗೆ ಚೆಂಡು ಬರಲೇ ಇಲ್ಲ. ಬಂದದ್ದು ಅವರಿಗೆ ಬಂದದ್ದರ ಅರ್ಧದಷ್ಟು.

ಇದು ಒಂದು ದಿನದ ಕಥೆಯೂ ಅಲ್ಲ. 2014ರಲ್ಲಿ ಹಾಥಾರ್ನ್ ಎದುರು 137ಕ್ಕೆ 74, 2016ರಲ್ಲಿ ವೆಸ್ಟರ್ನ್ ಬುಲ್‌ಡಾಗ್ಸ್ ಎದುರು 89ಕ್ಕೆ 67, 2022ರಲ್ಲಿ ಜೀಲಾಂಗ್ ಎದುರು 133ಕ್ಕೆ 52, ಈಗ 120ಕ್ಕೆ 60. ಈ ನಾಲ್ಕೂ ಫೈನಲ್‌ಗಳನ್ನು ಕೂಡಿಸಿದರೆ ನಾವು ಅಂಕ ಗಳಿಸಿದ್ದು 63 ಸಲ, ಎದುರಾಳಿಗಳು 119 ಸಲ. ಗೋಲುಗಳು 38 ಮತ್ತು 72. ಮತ್ತೆ ಎರಡೂ ಕಡೆ ಸುಮಾರು ಅರವತ್ತರಷ್ಟೇ! ನಾಲ್ಕು ಬೇರೆ ಬೇರೆ ಎದುರಾಳಿಗಳು, ಹತ್ತು ವರ್ಷಗಳ ಅಂತರ, ಆದರೂ ಸೋಲಿನ ಚಹರೆ ಒಂದೇ. ನಾವು ಚರ್ಚಿಸಬೇಕಾದದ್ದು ಇದನ್ನು ಎಂದು ನನ್ನ ದೃಢವಾದ ಅಭಿಪ್ರಾಯ.

ಕೆನ್ಸಿಂಗ್ಟನ್ ವಿದ್ಯಾರ್ಥಿ, 30 ಸೆಪ್ಟೆಂಬರ್

ಸರ್, ತಾವು ಬರೆದದ್ದನ್ನು ಎರಡು ಸಲ ಓದಿದೆ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಕೋಪವನ್ನು ಲೆಕ್ಕದಿಂದ ಆರಿಸಲು ನನ್ನಿಂದ ಆಗುತ್ತಿಲ್ಲ. ನಾನು ಈ ದೇಶಕ್ಕೆ ಬಂದು ಮೂರು ವರ್ಷವಾಯಿತು, ನಾನು ನೋಡಿದ ಎರಡು ಗ್ರ್ಯಾಂಡ್ ಫೈನಲ್‌ಗಳೂ ಅರ್ಧ ಸಮಯದ ಹೊತ್ತಿಗೇ ಮುಗಿದುಹೋಗಿದ್ದವು.

ತರಬೇತುದಾರ ಜಾನ್ ಲಾಂಗ್‌ಮೈರ್ ಅವರ ಕೈಯಲ್ಲಿ ನಾವು ಐದು ಫೈನಲ್ ಆಡಿದ್ದೇವೆ. 2012ರಲ್ಲಿ ಒಂದೇ ಗೆಲುವು, ಉಳಿದ ನಾಲ್ಕೂ ಸೋಲು. ಅದೂ ಒಂದೇ ತಪ್ಪು ಎರಡು ಸಲ ಆದಾಗ ಸುಮ್ಮನಿರುವುದು ಹೇಗೆ? 2022ರಲ್ಲಿ ಸ್ಯಾಮ್ ರೀಡ್ ಗಾಯದ ಅನುಮಾನದೊಂದಿಗೇ ಮೈದಾನಕ್ಕೆ ಇಳಿದರು, ಪಂದ್ಯ ಮುಗಿಯುವ ಮೊದಲೇ ಹೊರಗೆ ಬಂದರು. ಈ ಸಲ ಗ್ರ್ಯಾಂಡ್ ಫೈನಲ್‌ಗೆ ಹಿಂದಿನ ಸುತ್ತಾದ ಪ್ರಿಲಿಮಿನರಿ ಫೈನಲ್‌ನಲ್ಲಿ ಕಣಕಾಲಿಗೆ ಪೆಟ್ಟು ಮಾಡಿಕೊಂಡಿದ್ದ ಲೋಗನ್ ಮೆಕ್‌ಡೊನಾಲ್ಡ್ ಅವರನ್ನು ಆಡಿಸಿದರು, ಅವರೂ ಪಂದ್ಯದ ನಡುವೆಯೇ ಬದಲಿ ಆಟಗಾರನಿಗೆ ಜಾಗ ಬಿಟ್ಟರು. ನಾಯಕ ಕ್ಯಾಲಮ್ ಮಿಲ್ಸ್ ತೊಡೆಯ ಸ್ನಾಯುವಿನ ನೋವಿನಿಂದ ಆಡಲೇ ಇಲ್ಲ. ವರ್ಷವಿಡೀ ದುಡಿದ ಆಟಗಾರನಿಗೆ ಕೊನೆಯ ದಿನ ಬೇಡ ಎನ್ನುವುದು ಕಷ್ಟವೆಂದು ನನಗೂ ಗೊತ್ತು, ಆದರೆ ಆ ಕಷ್ಟದ ಮಾತನ್ನು ಆಡುವುದಕ್ಕೇ ತರಬೇತುದಾರ ಇರುವುದು.

ಇನ್ನೊಂದು ವಿಷಯ. ಈ ವರ್ಷ ನಮ್ಮ ಮೊದಲ ಹದಿನಾಲ್ಕು ಪಂದ್ಯಗಳಲ್ಲಿ ಹದಿಮೂರು ಗೆಲುವು. ಆಮೇಲೆ ಆಗಸ್ಟ್ ತಿಂಗಳಿನಲ್ಲಿ ಅಡಿಲೇಡ್‌ನಲ್ಲಿ ಪೋರ್ಟ್ ಅಡಿಲೇಡ್ ಎದುರು 112 ಅಂಕಗಳಿಂದ ಸೋತೆವು. ಪಟ್ಟಿಯ ಮೇಲ್ತುದಿಯಲ್ಲಿರುವ ತಂಡ ಹಾಗೆ ಸೋಲುತ್ತದೆಯೇ? ಅಂದೇ ಎಚ್ಚರಗೊಳ್ಳಬೇಕಿತ್ತು.

ಮೆಲ್ಬರ್ನ್‌ನ ಹಾಸನದವನು, 1 ಅಕ್ಟೋಬರ್

ನಾನು ಸ್ವಾನ್ಸ್ ಅಭಿಮಾನಿಯಲ್ಲ, ಕಾಲಿಂಗ್‌ವುಡ್‌ನವನು. ಕಳೆದ ವರ್ಷ ಇದೇ ಬ್ರಿಸ್ಬೇನ್ ತಂಡವನ್ನು ನಾವು ನಾಲ್ಕೇ ಅಂಕಗಳಿಂದ ಸೋಲಿಸಿದ್ದೆವು. ಆದ್ದರಿಂದ ಆ ತಂಡ ಹೇಗೆ ಆಡುತ್ತದೆ ಎಂಬುದನ್ನು ಎರಡು ವರ್ಷಗಳಿಂದ ಕಣ್ಣಿಟ್ಟು ನೋಡಿದ್ದೇನೆ. ಚೆಂಡು ಯಾಕೆ ನಿಮ್ಮ ಗೋಲಿನ ಬಳಿಗೆ ಬರಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಅಲ್ಲಿದೆ.

ಹದಿನೈದು ಮೀಟರ್ ಅಥವಾ ಅದಕ್ಕಿಂತ ಹೆಚ್ಚು ದೂರ ಬಂದ, ಬೇರೆ ಯಾರೂ ಮುಟ್ಟದ ಒದೆತವನ್ನು ಗಾಳಿಯಲ್ಲೇ ಹಿಡಿದರೆ ಅದು ಮಾರ್ಕ್. ಹಿಡಿದವನಿಗೆ ಯಾರೂ ಅಡ್ಡ ಬರದಂತೆ ಮುಂದಿನ ಒದೆತದ ಹಕ್ಕು ಸಿಗುತ್ತದೆ. 2021ರಿಂದ ಮಾರ್ಕ್ ಬಿದ್ದ ಜಾಗದಲ್ಲಿ ನಿಲ್ಲುವ ಎದುರಾಳಿ ಅತ್ತಿತ್ತ ಕದಲುವಂತಿಲ್ಲ. ಈ ನಿಯಮವನ್ನು ಬ್ರಿಸ್ಬೇನ್‌ನಷ್ಟು ಚೆನ್ನಾಗಿ ಬಳಸಿಕೊಂಡ ತಂಡವನ್ನು ನಾನು ನೋಡಿಲ್ಲ. ಅವರ ಹಿಂಬದಿಯ ಆಟಗಾರ ಇಪ್ಪತ್ತೈದು ಮೀಟರ್ ದೂರದಲ್ಲಿ ಒಂಟಿಯಾಗಿ ನಿಂತ ಜೊತೆಗಾರನಿಗೆ ಒದೆಯುತ್ತಾನೆ, ಅವನು ಹಿಡಿದು ಇನ್ನೊಬ್ಬನಿಗೆ, ಅವನು ಮತ್ತೊಬ್ಬನಿಗೆ. ನೋಡುವವರಿಗೆ ಬೇಸರ ತರಿಸುವಂತೆ ಕಾಣುತ್ತದೆ. ಆದರೆ ಹೀಗೆ ನಡೆದಷ್ಟು ಹೊತ್ತು ಎದುರಾಳಿಗೆ ಚೆಂಡೇ ಇಲ್ಲ, ಟ್ಯಾಕಲ್ ಮಾಡಲು ಯಾರೂ ಸಿಗುವುದಿಲ್ಲ, ಓಡಿ ಓಡಿ ಕಾಲು ಸೋಲುವುದಷ್ಟೇ ಗತಿ.

ನಿಮ್ಮ ತಂಡದ ಬಲ ಇದಕ್ಕೆ ತದ್ವಿರುದ್ಧ. ಎದುರಾಳಿ ಚೆಂಡು ಚೆಲ್ಲಿದ ಕ್ಷಣದಲ್ಲಿ ಹೀನಿ, ವಾರ್ನರ್, ಗುಲ್ಡನ್ ಮೂವರೂ ಹ್ಯಾಂಡ್‌ಬಾಲ್ ಮಾಡುತ್ತ (ಚೆಂಡನ್ನು ಮುಷ್ಟಿಯಿಂದ ಗುದ್ದಿ ಜೊತೆಗಾರನಿಗೆ ಕೊಡುತ್ತ) ಮೈದಾನದ ನಡುವಿನಿಂದ ನುಗ್ಗುವುದೇ ನಿಮ್ಮ ಆಟ, ಮತ್ತು ಅದು ಹತ್ತಿಕೊಂಡ ದಿನ ನನ್ನಂಥ ಹೊರಗಿನವನೂ ಎದ್ದು ನಿಂತು ನೋಡುತ್ತಾನೆ. ಚೆಂಡು ಚೆಲ್ಲದ ಎದುರಾಳಿಯ ಮುಂದೆ ಆ ನುಗ್ಗುವಿಕೆಗೆ ಆರಂಭವೇ ಸಿಗುವುದಿಲ್ಲ. ಶನಿವಾರ ಆದದ್ದು ಇಷ್ಟೇ. ಜೊತೆಗೆ ಪ್ರತಿ ಗೋಲಿನ ನಂತರ ಚೆಂಡು ಮತ್ತೆ ಮೈದಾನದ ನಟ್ಟನಡುವಿಗೆ ಬರುತ್ತದೆ. ಅಲ್ಲಿ ಬೌನ್ಸ್ ಆದಾಗ, ಅಂದರೆ ಅಂಪೈರ್ ಚೆಂಡನ್ನು ನೆಲಕ್ಕೆ ಪುಟಿಸಿ ಆಟವನ್ನು ಮತ್ತೆ ಆರಂಭಿಸಿದಾಗ, ಗೆದ್ದವರಿಗೆ ಮುಂದೆ ಬಯಲು ತೆರೆದಿರುತ್ತದೆ, ಏಕೆಂದರೆ 2019ರಿಂದ ಎರಡೂ ತಂಡದವರು ಮೈದಾನದ ಮೂರು ಭಾಗಗಳಲ್ಲಿ ಆರಾರು ಜನರಂತೆಯೇ ನಿಲ್ಲಬೇಕು. ಹಾಗಾಗಿ ಒಂದು ತಂಡ ನಡುವಿನಲ್ಲಿ ಸೋಲತೊಡಗಿದರೆ ಹಿಂದೆ ಹೆಚ್ಚು ಜನರನ್ನು ನಿಲ್ಲಿಸಿ ಹರಿವನ್ನು ತಡೆಯಲು ಮೊದಲಿನಂತೆ ಸಾಧ್ಯವಿಲ್ಲ. ಗೋಲು ಗೋಲನ್ನು ಎಳೆದು ತರುತ್ತದೆ.

ನನಗೆ ಅತ್ಯಂತ ಅಚ್ಚರಿ ತಂದದ್ದು ಬೇರೆ ವಿಷಯ. ಬ್ರಿಸ್ಬೇನ್‌ನ ಮುಖ್ಯ ರಕ್ ಆಟಗಾರ ಆಸ್ಕರ್ ಮೆಕಿನರ್ನಿ ಭುಜದ ಗಾಯದಿಂದ ಫೈನಲ್ ಆಡಲಿಲ್ಲ, ಅವರ ಜಾಗಕ್ಕೆ ಡಾರ್ಸಿ ಫೋರ್ಟ್ ಬಂದಿದ್ದರು. ನಿಮ್ಮಲ್ಲಿ ಬ್ರೋಡಿ ಗ್ರಂಡಿಯಂಥ ಅನುಭವಿ ಇದ್ದರು. ಬೌನ್ಸ್‌ನಲ್ಲಿ ಎತ್ತರಕ್ಕೆ ಹಾರಿ ಚೆಂಡನ್ನು ತಟ್ಟುವವರು ನಿಮ್ಮಲ್ಲೇ ಬಲವಾಗಿದ್ದರೂ ಕೆಳಗೆ ಬಿದ್ದ ಚೆಂಡನ್ನು ಆಯ್ದುಕೊಂಡು ಹೋದವರು ಲ್ಯಾಕಿ ನೀಲ್, ವಿಲ್ ಆಶ್‌ಕ್ರಾಫ್ಟ್. ಮೊಣಕಾಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಈ ವರ್ಷದ ನಡುವಿನಲ್ಲಷ್ಟೇ ಮರಳಿದ ಆಶ್‌ಕ್ರಾಫ್ಟ್ ಪಂದ್ಯದ ಶ್ರೇಷ್ಠ ಆಟಗಾರನಿಗೆ ಕೊಡುವ ನಾರ್ಮ್ ಸ್ಮಿತ್ ಪದಕ ಪಡೆದದ್ದು ಸುಮ್ಮನೆ ಅಲ್ಲ.

ಟೂಂಗ್ಯಾಬಿ ತಾಯಿ, 1 ಅಕ್ಟೋಬರ್

ಅಣ್ಣಂದಿರೇ, ಆಟದ ಒಳಮರ್ಮಗಳು ನನಗೆ ನಿಮ್ಮಷ್ಟು ತಿಳಿಯವು. ನನ್ನ ಎಂಟು ವರ್ಷದ ಮಗ ಮಕ್ಕಳಿಗೆ ಈ ಆಟ ಕಲಿಸುವ ಆಸ್‌ಕಿಕ್‌ಗೆ ಹೋಗುತ್ತಾನೆ, ಅವನಿಂದಲೇ ನಾನು ಈ ಆಟ ಕಲಿತದ್ದು. ನಮ್ಮ ಬೀದಿಯಲ್ಲಿ ಎಲ್ಲರೂ ರಗ್ಬಿ ಲೀಗ್ ನೋಡುವವರು. ಪರಮಟ್ಟಾದ ನೀಲಿ ಹಳದಿ ಬಾವುಟಗಳ ನಡುವೆ ಕೆಂಪು ಬಿಳಿ ಕಟ್ಟಿರುವ ಮನೆ ನಮ್ಮದೊಂದೇ.

ಶನಿವಾರ ಮೂರನೇ ಕ್ವಾರ್ಟರ್ ಮುಗಿದಾಗ ಅವನು ಟಿವಿಯ ಮುಂದಿನಿಂದ ಎದ್ದು ಹಿತ್ತಲಿಗೆ ಹೋದ. ಅಳುತ್ತಿರಬಹುದೆಂದು ನೋಡಲು ಹೋದರೆ, ಬಟ್ಟೆ ಒಣಹಾಕುವ ಕಂಬಕ್ಕೆ ಗುರಿ ಇಟ್ಟು ಎಡಗಾಲಿನಿಂದ ಚೆಂಡು ಒದೆಯುತ್ತಿದ್ದ. "ಗುಲ್ಡನ್ ಎಡಗಾಲಿನಲ್ಲಿ ಒದೆಯುತ್ತಾನಮ್ಮ, ಇವತ್ತು ಅವನಿಗೆ ಚೆಂಡೇ ಸಿಗಲಿಲ್ಲ" ಎಂದ. ಕೆಂಪುಬಿಳಿಯವರು ನಾಲ್ಕು ಫೈನಲ್‌ಗಳನ್ನು ಕೂಡಿಸಿ ಹೇಳಿದ ಮಾತೂ ಅದೇ ಎಂದು ಈಗ ಓದಿದಾಗ ತಿಳಿಯಿತು.

ವಿದ್ಯಾರ್ಥಿ ತಮ್ಮನ ಕೋಪ ನನಗೆ ಅರ್ಥವಾಗುತ್ತದೆ. ಆದರೆ ಹೀನಿ, ಮಿಲ್ಸ್, ಗುಲ್ಡನ್, ಬ್ಲೇಕಿ ಇವರೆಲ್ಲ ಸ್ವಾನ್ಸ್ ಅಕಾಡೆಮಿಯಲ್ಲಿ ಬೆಳೆದು ಬಂದವರು. ಈ ಆಟ ಬೇರೂರದ ನಗರದಲ್ಲಿ ಇಂಥ ಹುಡುಗರನ್ನು ಹುಡುಕಿ ಬೆಳೆಸಿದ ಸಂಸ್ಥೆಯನ್ನು ಒಂದು ಮಧ್ಯಾಹ್ನದ ಆಟದಿಂದ ಅಳೆದು ಕೈಬಿಡುವುದು ನ್ಯಾಯವಲ್ಲ ಎಂದು ನನಗೆ ಅನ್ನಿಸುತ್ತದೆ. ನನ್ನ ಮಗ ಸೋಮವಾರ ಸ್ವಾನ್ಸ್ ಟೋಪಿ ಹಾಕಿಕೊಂಡೇ ಹೊರಗೆ ಆಡಲು ಹೋದ. ಹಾಕಿಕೋ ಎಂದು ನಾನು ಹೇಳಿದ್ದಲ್ಲ.

ಲೆಕ್ಕಿಗ, 2 ಅಕ್ಟೋಬರ್

ಕೆಂಪುಬಿಳಿಯವರ ವಾದದ ದಿಕ್ಕು ಸರಿಯಾಗಿದೆ, ಆದರೆ ಅದರ ಬುಡದಲ್ಲಿ ಒಂದು ಸಡಿಲ ಕಲ್ಲಿದೆ. ಅದನ್ನು ತೋರಿಸದೆ ಬಿಡುವುದು ಸರಿಯಲ್ಲ. ಅಂಕ ಗಳಿಸಿದ ಸಲಗಳನ್ನು ತಾವು ಗೋಲಿಗೆ ಮಾಡಿದ ಪ್ರಯತ್ನಗಳೆಂದು ಎಣಿಸಿದ್ದೀರಿ. ಬಿಹೈಂಡ್‌ಗಳಲ್ಲಿ ಕೆಲವು ರಕ್ಷಣೆಯ ಆಟಗಾರರೇ ಅಪಾಯ ತಪ್ಪಿಸಲು ಚೆಂಡನ್ನು ತಮ್ಮ ಗೆರೆಯಾಚೆ ದಾಟಿಸಿದ್ದರಿಂದ ಬಂದವು. ಇನ್ನು ಕೆಲವು ಪ್ರಯತ್ನಗಳು ಪೂರ್ತಿಯಾಗಿ ಗುರಿ ತಪ್ಪಿ ಮೈದಾನದ ಹೊರಗೆ ಹೋಗುತ್ತವೆ, ಅಂಥವು ಅಂಕಪಟ್ಟಿಯಲ್ಲಿ ಕಾಣುವುದೇ ಇಲ್ಲ. ಹಾಗಾಗಿ ನೂರಕ್ಕೆ ಅರವತ್ತು ಎಂಬ ಲೆಕ್ಕವನ್ನು ಕರಾರುವಾಕ್ಕೆಂದು ಹಿಡಿಯಬಾರದು, ಮತ್ತು ಅದರಿಂದ ಆಟಗಾರರ ಮನಸ್ಸಿನ ಸ್ಥಿತಿಯನ್ನು ತೀರ್ಮಾನಿಸುವುದಂತೂ ಆಗದು. ಒತ್ತಡಕ್ಕೆ ಒಳಗಾದ ತಂಡ ಗುರಿ ತಪ್ಪಿ ಒದೆಯುವುದಷ್ಟೇ ಅಲ್ಲ, ನಡುಮೈದಾನದಲ್ಲಿ ಚೆಂಡಿಗೆ ಅರ್ಧ ಹೆಜ್ಜೆ ತಡವಾಗಿಯೂ ತಲುಪುತ್ತದೆ.

ಆದರೂ 15 ಮತ್ತು 30ರ ನಡುವಿನ ಅಂತರ ಇಂಥ ಸಣ್ಣ ತಿದ್ದುಪಡಿಗಳಿಂದ ಮುಚ್ಚಿಹೋಗುವಂಥದ್ದಲ್ಲ. ತಮ್ಮ ಲೆಕ್ಕವನ್ನು ನಾನು ಹಿಂದಕ್ಕೂ ಒಯ್ದು ನೋಡಿದೆ. 2005ರಲ್ಲಿ ವೆಸ್ಟ್ ಕೋಸ್ಟ್ ಎದುರು ನಾವು 8.10, ಅವರು 7.12, ನಾಲ್ಕು ಅಂಕಗಳಿಂದ ಗೆದ್ದೆವು, ಆದರೆ ಅಂಕ ಗಳಿಸಿದ ಸಲಗಳಲ್ಲಿ 18ಕ್ಕೆ 19, ನಾವೇ ಒಂದು ಕಡಿಮೆ. 2006ರಲ್ಲಿ ಅದೇ ಎದುರಾಳಿಗೆ ಒಂದೇ ಒಂದು ಅಂಕದಿಂದ ಸೋತಾಗ 24ಕ್ಕೆ 25. 2012ರಲ್ಲಿ ಹಾಥಾರ್ನ್ ಎದುರು 14.7ಕ್ಕೆ 11.15, ಹತ್ತು ಅಂಕಗಳಿಂದ ಗೆದ್ದೆವು, ಸಲಗಳು 21ಕ್ಕೆ 26. ಅಷ್ಟೇ ಏಕೆ, 1996ರಲ್ಲಿ ನಾರ್ತ್ ಮೆಲ್ಬರ್ನ್ ಎದುರು ಸೋತಾಗ 23ಕ್ಕೆ 36. ತಂಡ ದಕ್ಷಿಣ ಮೆಲ್ಬರ್ನ್‌ನಿಂದ 1982ರಲ್ಲಿ ಸಿಡ್ನಿಗೆ ಬಂದ ಮೇಲೆ ಆಡಿದ ಎಂಟು ಗ್ರ್ಯಾಂಡ್ ಫೈನಲ್‌ಗಳಲ್ಲಿ ಒಂದರಲ್ಲೂ, ಗೆದ್ದ ಎರಡರಲ್ಲಿಯೂ ಸಹ, ನಾವು ಎದುರಾಳಿಗಿಂತ ಹೆಚ್ಚು ಸಲ ಅಂಕ ಗಳಿಸಿಲ್ಲ.

ಇದನ್ನು ಬರೆಯುವಾಗ ನನಗೆ ಸಂತೋಷವೇನೂ ಆಗುತ್ತಿಲ್ಲ. 2012ರ ಗೆಲುವು ನನ್ನ ಪಾಲಿಗೆ ಅತ್ಯಂತ ಪ್ರೀತಿಯ ದಿನ, ಅಂದು ಹಾಥಾರ್ನ್ ಹದಿನೈದು ಬಿಹೈಂಡ್ ಹೊಡೆದಿತ್ತು ಎಂಬುದನ್ನು ಹನ್ನೆರಡು ವರ್ಷ ನಾನು ಗಮನಿಸಿಯೇ ಇರಲಿಲ್ಲ.

ಕೆಂಪುಬಿಳಿ, 2 ಅಕ್ಟೋಬರ್

ಲೆಕ್ಕಿಗರಿಗೆ ಮನಃಪೂರ್ವಕ ಕೃತಜ್ಞತೆಗಳು. ತಿದ್ದುಪಡಿಯನ್ನು ಒಪ್ಪಿದ್ದೇನೆ: ಅರವತ್ತರ ಲೆಕ್ಕದಿಂದ ಮನಸ್ಸಿನ ಸ್ಥಿತಿಯ ಬಗ್ಗೆ ತೀರ್ಪು ಕೊಟ್ಟದ್ದು ನನ್ನ ಆತುರ. ಹಿಂದಿನ ಫೈನಲ್‌ಗಳ ಅಂಕಿಗಳನ್ನು ನೋಡಿದ ಮೇಲೆ ನನ್ನ ಮೂಲ ಮಾತು ಮತ್ತಷ್ಟು ಗಟ್ಟಿಯಾಗಿದೆ, ಆದರೆ ಅದರ ಒಳಗೆ ಒಂದು ಭೇದವನ್ನು ಗುರುತಿಸಬೇಕು.

2005 ಮತ್ತು 2006ರಲ್ಲಿ ಆಗಿನ ತರಬೇತುದಾರ ಪಾಲ್ ರೂಸ್ ಅವರ ತಂಡ ಬೇಕೆಂದೇ ಪಂದ್ಯವನ್ನು ಬಿಗಿಯಾಗಿ ಆಡುತ್ತಿತ್ತು. ಚೆಂಡಿನ ಸುತ್ತ ಜನ ಗುಂಪುಗೂಡುತ್ತಿದ್ದರು, ಬೌನ್ಸ್‌ನ ಮೇಲೆ ಬೌನ್ಸ್, ಇಬ್ಬರಿಗೂ ಅವಕಾಶಗಳು ಕಡಿಮೆ. 19 ಸಲ ಬಿಟ್ಟುಕೊಟ್ಟು 18 ಸಲ ಗಳಿಸುವ ತಂಡಕ್ಕೆ ಕೊನೆಯ ನಿಮಿಷದಲ್ಲಿ ಲಿಯೋ ಬ್ಯಾರಿಯ ಒಂದು ಮಾರ್ಕ್ ಸಾಕಾಯಿತು, 72 ವರ್ಷಗಳ ಬಳಿಕ ಪ್ರೀಮಿಯರ್‌ಶಿಪ್ ಪ್ರಶಸ್ತಿ ಬಂತು. ಈಗಿನ ತಂಡ 2022ರಲ್ಲಿ 33 ಸಲ, ಈ ವರ್ಷ 30 ಸಲ ಬಿಟ್ಟುಕೊಟ್ಟಿದೆ. ಅಷ್ಟನ್ನು ಬಿಟ್ಟುಕೊಟ್ಟರೆ ಯಾವ ರಕ್ಷಣೆಯೂ ನಿಲ್ಲದು. ನಾವು ಬಿಗಿಯ ಆಟವನ್ನು ಬಿಟ್ಟು ವೇಗದ ಆಟಕ್ಕೆ ಬಂದೆವು, ಅದು ಸರಿಯಾದ ನಿರ್ಧಾರವೆಂದೇ ನಾನು ಈಗಲೂ ನಂಬುತ್ತೇನೆ, ಏಕೆಂದರೆ ಅದಿಲ್ಲದೆ ಹದಿನಾಲ್ಕರಲ್ಲಿ ಹದಿಮೂರು ಗೆಲ್ಲಲಾಗುತ್ತಿರಲಿಲ್ಲ. ಆದರೆ ಹರಿವು ಎದುರಾಳಿಯ ಕಡೆಗೆ ತಿರುಗಿದಾಗ ಪಂದ್ಯವನ್ನು ಹತ್ತು ನಿಮಿಷ ಕಟ್ಟಿಹಾಕುವ ಹಳೆಯ ವಿದ್ಯೆಯನ್ನು ದಾರಿಯಲ್ಲಿ ಎಲ್ಲೋ ಬಿಟ್ಟು ಬಂದಿದ್ದೇವೆ. ಎರಡನೇ ಕ್ವಾರ್ಟರ್‌ನಲ್ಲಿ ನನಗೆ ಬೇಕಾಗಿದ್ದು ಗೋಲಲ್ಲ. ಯಾರಾದರೂ ಚೆಂಡು ಹಿಡಿದವನನ್ನು ಬಿಗಿಯಾಗಿ ತಡೆದು, ಚೆಂಡು ಹೊರಬರದಂತೆ ಮಾಡಿ, ಅಂಪೈರ್ ಅದನ್ನು ಮತ್ತೆ ಮೇಲಕ್ಕೆ ಎಸೆಯುವಂತೆ ಮಾಡಿದ್ದರೆ ಸಾಕಿತ್ತು.

ಈ ವರ್ಷ ಹಿಂದೆ ಬಿದ್ದು ಮೇಲೆದ್ದು ಗೆದ್ದ ಪಂದ್ಯಗಳೂ ನಮಗೆ ಒಂದು ರೀತಿಯಲ್ಲಿ ಕೆಡುಕು ಮಾಡಿದವು. ಫೈನಲ್ಸ್ ಸರಣಿಯ ಮೊದಲ ಸುತ್ತಾದ ಕ್ವಾಲಿಫೈಯಿಂಗ್ ಫೈನಲ್‌ನಲ್ಲಿ ನೆರೆಮನೆಯ, ಅಂದರೆ ಪಶ್ಚಿಮ ಸಿಡ್ನಿಯ, ಜಯಂಟ್ಸ್ ಎದುರು ಹಿಂದೆ ಬಿದ್ದಿದ್ದೆವು, ಕೊನೆಗೆ ಹೀನಿ ಹೆಗಲಮೇಲೆ ಹೊತ್ತು ತಂದಂತೆ ಆರು ಅಂಕಗಳಿಂದ ಗೆಲ್ಲಿಸಿದರು. ಆ ರಾತ್ರಿ ನಾನೂ ಗಂಟಲು ಕಟ್ಟುವವರೆಗೆ ಕೂಗಿದ್ದೇನೆ. ಆದರೆ ಹೇಗಾದರೂ ಮಾಡಿ ಮರಳಿ ಬರುತ್ತೇವೆ ಎಂಬ ಭರವಸೆ ಒಂದು ಸಲ ಕೂತುಬಿಟ್ಟರೆ, ಹರಿವನ್ನು ಈಗಲೇ ತಡೆಯಬೇಕೆಂಬ ತುರ್ತು ಹೊರಟುಹೋಗುತ್ತದೆ.

ಕೆನ್ಸಿಂಗ್ಟನ್ ವಿದ್ಯಾರ್ಥಿ, 3 ಅಕ್ಟೋಬರ್

ಮೈದಾನದ ವಿಷಯವನ್ನು ಯಾರೂ ಎತ್ತಲಿಲ್ಲ. ನಮ್ಮ ಸಿಡ್ನಿ ಕ್ರಿಕೆಟ್ ಮೈದಾನ ಉದ್ದದಲ್ಲಿ ಚಿಕ್ಕದು. ಮೆಲ್ಬರ್ನ್‌ನ ಆ ವಿಶಾಲ ಮೈದಾನದಲ್ಲಿ ನಾವು ಆಡುವುದು ವರ್ಷಕ್ಕೆ ಕೆಲವೇ ಸಲ. ಗ್ರ್ಯಾಂಡ್ ಫೈನಲ್ ಮಾತ್ರ 2059ರವರೆಗೆ ಅಲ್ಲೇ ನಡೆಯಬೇಕೆಂದು ಒಪ್ಪಂದವಾಗಿದೆ. ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದ ತಂಡ ಅತ್ಯಂತ ಮುಖ್ಯವಾದ ಪಂದ್ಯವನ್ನು ತನ್ನ ಊರಿನಲ್ಲಿ ಆಡುವಂತಿಲ್ಲ ಎಂಬುದು ಯಾವ ನ್ಯಾಯ?

ಮೆಲ್ಬರ್ನ್‌ನ ಹಾಸನದವನು, 3 ಅಕ್ಟೋಬರ್

ಒಪ್ಪಂದ ನ್ಯಾಯವಲ್ಲ ಎಂಬುದನ್ನು ಮೆಲ್ಬರ್ನ್‌ನಲ್ಲಿದ್ದರೂ ನಾನು ಒಪ್ಪುತ್ತೇನೆ. ಆದರೆ ಈ ಸೋಲಿಗೆ ಅದನ್ನು ಕಾರಣವೆಂದರೆ ಕುಣಿಯಲಾರದವಳು ನೆಲ ಡೊಂಕು ಎಂದಂತೆ ಆಗುತ್ತದೆ, ತಮ್ಮಾ. ಎದುರಾಳಿಯೂ ಮೆಲ್ಬರ್ನ್‌ನವರಲ್ಲ. ಅವರ ಮನೆಯ ಮೈದಾನ ಬ್ರಿಸ್ಬೇನ್‌ನ ಗ್ಯಾಬಾ. ಅವರು ನಿಮಗಿಂತ ಹೆಚ್ಚು ದೂರದಿಂದ ಬಂದವರು.

ಅವರ ವರ್ಷವನ್ನೇ ನೋಡು. ಮೊದಲ ಮೂರೂ ಪಂದ್ಯ ಸೋಲು, ಏಳು ಪಂದ್ಯಗಳ ನಂತರ ಎರಡೇ ಗೆಲುವು. ಕೀಡಿಯನ್ ಕೋಲ್‌ಮನ್ ಸೇರಿದಂತೆ ನಾಲ್ವರು ಮೊಣಕಾಲಿನ ಗಾಯದಿಂದ ವರ್ಷದ ಉಳಿದ ಪಂದ್ಯಗಳಿಗೆಲ್ಲ ಹೊರಗೆ. ಐದನೇ ಸ್ಥಾನದಿಂದ ಫೈನಲ್ಸ್‌ಗೆ ಬಂದು, ಸೆಮಿಫೈನಲ್‌ನಲ್ಲಿ ಜಯಂಟ್ಸ್ ಎದುರು 44 ಅಂಕ ಹಿಂದೆ ಬಿದ್ದು ಗೆದ್ದು, ಮೆಲ್ಬರ್ನ್‌ನಲ್ಲಿ ಜೀಲಾಂಗ್ ತಂಡವನ್ನು ಹತ್ತು ಅಂಕಗಳಿಂದ ಸೋಲಿಸಿ ಗ್ರ್ಯಾಂಡ್ ಫೈನಲ್‌ಗೆ ಬಂದರು. ಫೈನಲ್‌ನಲ್ಲಿ ನಾಲ್ಕು ನಾಲ್ಕು ಗೋಲು ಹೊಡೆದ ಕಾಯ್ ಲೋಮನ್ ಮತ್ತು ಕ್ಯಾಲಮ್ ಆ ಚೀ ಅವರಿಬ್ಬರೂ ಪಂದ್ಯಕ್ಕೆ ಮುಂಚೆ ಯಾರೂ ಭಯಪಟ್ಟು ಮಾತಾಡುತ್ತಿದ್ದ ಹೆಸರುಗಳಲ್ಲ. ಚೆಂಡು ಅಷ್ಟು ಸಲ, ಅಷ್ಟು ಹಸನಾಗಿ ಒಳಗೆ ಬಂದರೆ ಗೋಲ್ ಹೊಡೆಯುವವರು ತಾವಾಗಿಯೇ ಹುಟ್ಟಿಕೊಳ್ಳುತ್ತಾರೆ.

ಇಲ್ಲಿ ನನ್ನ ಪಕ್ಕದ ಮನೆಯ ಅಜ್ಜ ಲೇಕ್ ಓವಲ್‌ನಲ್ಲಿ ದಕ್ಷಿಣ ಮೆಲ್ಬರ್ನ್ ಆಡುತ್ತಿದ್ದ ಕಾಲದಿಂದ ನಿಮ್ಮ ತಂಡದ ಬೆನ್ನಿಗೆ ನಿಂತವರು. ತಂಡ ಊರು ಬಿಟ್ಟು ಹೋದಾಗ ಅವರ ಅಣ್ಣ ಫುಟ್ಬಾಲ್ ನೋಡುವುದನ್ನೇ ನಿಲ್ಲಿಸಿದರಂತೆ, ಇವರು ಮಾತ್ರ ಬಿಡಲಿಲ್ಲ. ಭಾನುವಾರ ಬೆಳಗ್ಗೆ ಬೇಲಿಯ ಬಳಿ ನಿಂತು ನನಗೆ ಹೇಳಿದ್ದು ಒಂದೇ ಮಾತು: ನಡುವಿನಲ್ಲಿ ಸೋತೆವು. ಎದುರಾಳಿಯೂ ಫಿಟ್ಜ್‌ರಾಯ್ ಎಂಬ ಮೆಲ್ಬರ್ನ್‌ನ ಹಳೆಯ ತಂಡದ ಬೇರು ಉಳ್ಳದ್ದು. 1996ರ ಕೊನೆಗೆ ಅದು ಬ್ರಿಸ್ಬೇನ್ ಬೇರ್ಸ್ ಜೊತೆ ವಿಲೀನವಾಯಿತು. ಅಜ್ಜನ ಹೆಂಡತಿಯ ತವರು ಫಿಟ್ಜ್‌ರಾಯ್ ಅಭಿಮಾನಿಗಳದ್ದು. ಅಜ್ಜನ ಮನೆಯಲ್ಲಿ ಶನಿವಾರ ಸಂಭ್ರಮದ ದೀಪ ಉರಿದದ್ದು ಅವರ ಹೆಂಡತಿಯ ಕೋಣೆಯಲ್ಲಿ ಮಾತ್ರ.

ಟೂಂಗ್ಯಾಬಿ ತಾಯಿ, 26 ನವೆಂಬರ್

ಸುದ್ದಿ ನೋಡಿದಿರಾ? ಲಾಂಗ್‌ಮೈರ್ ತರಬೇತುದಾರನ ಸ್ಥಾನದಿಂದ ಕೆಳಗೆ ಇಳಿದಿದ್ದಾರೆ. ಅವರ ಸಹಾಯಕರಾಗಿದ್ದ ಡೀನ್ ಕಾಕ್ಸ್ ಮುಂದಿನ ವರ್ಷದಿಂದ ತಂಡವನ್ನು ನೋಡಿಕೊಳ್ಳುತ್ತಾರಂತೆ. ಲಾಂಗ್‌ಮೈರ್ ಅವರ ಮುಖ ದಣಿದಂತೆ ಕಾಣುತ್ತಿತ್ತು, ನೋಡಿ ನನಗೆ ಮನಸ್ಸು ಭಾರವಾಯಿತು.

ಕೆನ್ಸಿಂಗ್ಟನ್ ವಿದ್ಯಾರ್ಥಿ, 26 ನವೆಂಬರ್

ಅಕ್ಕಾ, ನೋಡಿದೆ. ಸೆಪ್ಟೆಂಬರ್‌ನಲ್ಲಿ ನಾನು ಬಯಸಿದ್ದು ಇದನ್ನೇ, ಆದರೆ ಈಗ ಹಗುರವೆನಿಸುತ್ತಿಲ್ಲ. 2011ರಿಂದ ಹದಿನಾಲ್ಕು ವರ್ಷ, ಐದು ಗ್ರ್ಯಾಂಡ್ ಫೈನಲ್, ಒಂದು ಪ್ರೀಮಿಯರ್‌ಶಿಪ್. ಎಷ್ಟೋ ತಂಡಗಳ ಅಭಿಮಾನಿಗಳು ಅಷ್ಟು ಕಾಲದಲ್ಲಿ ಒಂದು ಗ್ರ್ಯಾಂಡ್ ಫೈನಲ್ಲನ್ನೂ ಕಂಡಿಲ್ಲ. ಗಾಯಾಳುಗಳನ್ನು ಆಡಿಸಿದ ಬಗ್ಗೆ ನಾನು ಬರೆದ ಮಾತಿಗೆ ಈಗಲೂ ಬದ್ಧನಾಗಿದ್ದೇನೆ. ಆದರೆ ನಾಲ್ಕು ಸೋಲುಗಳನ್ನು ಎಣಿಸಿದವನು ಆ ನಾಲ್ಕು ದಿನಗಳವರೆಗೆ ತಂಡವನ್ನು ತಂದು ನಿಲ್ಲಿಸಿದ್ದನ್ನೂ ಎಣಿಸಬೇಕಿತ್ತು.

ಲೆಕ್ಕಿಗ, 27 ನವೆಂಬರ್

ಡೀನ್ ಕಾಕ್ಸ್ ಅವರ ಆಯ್ಕೆ ನಮ್ಮ ಚರ್ಚೆಗೆ ನೇರವಾಗಿ ಸಂಬಂಧಿಸಿದ್ದು. ಅವರು ತಮ್ಮ ಕಾಲದ ಅತ್ಯುತ್ತಮ ರಕ್ ಆಟಗಾರರಲ್ಲಿ ಒಬ್ಬರು. 2005ರಲ್ಲಿ ನಮಗೆ ಸೋತ, 2006ರಲ್ಲಿ ನಮ್ಮನ್ನು ಒಂದು ಅಂಕದಿಂದ ಸೋಲಿಸಿದ ವೆಸ್ಟ್ ಕೋಸ್ಟ್ ತಂಡದಲ್ಲಿ ಆಡಿದವರು. ಬೌನ್ಸ್ ಆದ ಜಾಗದಲ್ಲಿ ಬದುಕೆಲ್ಲ ಕಳೆದವರಿಗೆ ನಡುಮೈದಾನದ ಸೋಲು ಏನೆಂದು ವಿವರಿಸಬೇಕಾಗಿಲ್ಲ. ಅನುಭವಿ ಲ್ಯೂಕ್ ಪಾರ್ಕರ್ ನಾರ್ತ್ ಮೆಲ್ಬರ್ನ್‌ಗೆ ಹೋದ ಮೇಲೆ ಚೆಂಡಿನ ಮೇಲೆ ಬಿದ್ದು ಪಂದ್ಯ ಕಟ್ಟಿಹಾಕುವ ಕೆಲಸವನ್ನು ನಡುಮೈದಾನದ ಆಟಗಾರ ಜೇಮ್ಸ್ ರೋಬಾಟಮ್ ಒಬ್ಬರ ಮೇಲೆಯೇ ಹಾಕದೆ, ಮಿಲ್ಸ್ ಅವರನ್ನು ಪೂರ್ತಿ ಗುಣವಾದ ಮೇಲೆ ನಡುವಿಗೆ ತರಬೇಕು ಎಂಬುದು ನನ್ನ ಅಭಿಪ್ರಾಯ.

ಕೆಂಪುಬಿಳಿ, 28 ನವೆಂಬರ್

ಲೆಕ್ಕಿಗರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ನನ್ನ ಮತ್ತು ಮನೆಯವರ ಸದಸ್ಯತ್ವವನ್ನು ಮುಂದಿನ ವರ್ಷಕ್ಕೂ ನಿನ್ನೆ ನವೀಕರಿಸಿದೆ. ಟೂಂಗ್ಯಾಬಿಯ ತಂಗಿ ಮಗನನ್ನು ಕರೆದುಕೊಂಡು ಬರುವುದಾದರೆ ಮಾರ್ಚ್ ತಿಂಗಳ ಮೊದಲ ಪಂದ್ಯಕ್ಕೆ ಒಟ್ಟಿಗೆ ಹೋಗೋಣ. ಸೆಂಟ್ರಲ್ ನಿಲ್ದಾಣದಿಂದ ಟ್ರ್ಯಾಮ್ ಹಿಡಿದರೆ ಮೈದಾನಕ್ಕೆ ಹತ್ತಿರ, ಮಗುವಿಗೆ ನಡೆಯುವ ಕಷ್ಟವಿಲ್ಲ.

ಆ ಹಿರಿಯ ಹೆಂಗಸಿನಂತೆ ನಾನೂ ಒಂದು ನೂರು ಪುಟದ ಪುಸ್ತಕ ತಂದು ಗೆರೆ ಹಾಕಿ ಇಟ್ಟಿದ್ದೇನೆ. ಎಡಪುಟ ನಮ್ಮದು, ಬಲಪುಟ ಎದುರಾಳಿಯದು. ಪ್ರತಿ ಕ್ವಾರ್ಟರ್‌ಗೂ ಗೋಲ್, ಬಿಹೈಂಡ್, ಪೂರ್ತಿ ಗುರಿ ತಪ್ಪಿದ ಒದೆತ ಮತ್ತು ರಕ್ಷಣೆಯವರೇ ದಾಟಿಸಿದ ಬಿಹೈಂಡ್‌ಗಳಿಗೆ ಬೇರೆ ಬೇರೆ ಮನೆ. ಕೊನೆಯ ಎರಡು ಮನೆಗಳನ್ನು ಲೆಕ್ಕಿಗರ ಆಕ್ಷೇಪಣೆಗಾಗಿಯೇ ಸೇರಿಸಿದ್ದೇನೆ. ಹುಡುಗನಿಗೆ ಒಂದು ಪೆನ್ಸಿಲ್ ತರಲು ಹೇಳಿ, ಬಲಪುಟ ಅವನು ಬರೆಯಲಿ.